ಬೇಲಿ ಹಾರಿಸಿದ ಮಾಲಿ

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದ ವೀಚ್ ಮನೆತನದ ನರ್ಸರಿಯಲ್ಲಿ 1856ರ ಅಕ್ಟೋಬರ್‌ನಲ್ಲಿ ಒಂದು ಆರ್ಕಿಡ್ ಅರಳಿತು. ಆಗ ಶ್ರೀಮಂತರಿಗೆ ಆರ್ಕಿಡ್ ಹುಚ್ಚು. ಹಡಗುಗಟ್ಟಲೆ ಗಿಡಗಳು ಉಷ್ಣವಲಯದ ಕಾಡುಗಳಿಂದ ಬರುತ್ತಿದ್ದವು. ಈ ಗಿಡ ಮಾತ್ರ ಯಾವ ಕಾಡಿನಿಂದಲೂ ಬಂದಿರಲಿಲ್ಲ. ಹ್ಯಾರಿಸ್ ಎಂಬ ವೈದ್ಯರ ಸಲಹೆಯಂತೆ ನರ್ಸರಿಯ ಮೇಲ್ವಿಚಾರಕ ಜಾನ್ ಡೊಮಿನಿ ಒಂದು ಕಲಾಂಥೆಯ ಪರಾಗವನ್ನು ಇನ್ನೊಂದು ಪ್ರಭೇದದ ಕಲಾಂಥೆಗೆ ಸೇರಿಸಿ ಪಡೆದ ಮಿಶ್ರತಳಿ ಅದು. ಅದರ ತಂದೆತಾಯಿ ಪ್ರಭೇದಗಳೆರಡೂ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತವೆ. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಹೂವನ್ನು ನೋಡಿ, ಇನ್ನು ನಮ್ಮಂಥವರಿಗೆ ಹುಚ್ಚು ಹಿಡಿಯುವುದೇ ಸೈ ಎಂದರಂತೆ.

ಭಯ ಸುಳ್ಳಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಡೊಮಿನಿ ಕ್ಯಾಟ್ಲೆಯಾ ಮತ್ತು ಲೇಲಿಯಾ ಎಂಬ ಬೇರೆ ಬೇರೆ ಕುಲಗಳನ್ನೇ ಕೂಡಿಸಿದ. ಇಂದು ನೋಂದಣಿಯಾದ ಆರ್ಕಿಡ್ ಮಿಶ್ರತಳಿಗಳು ಲಕ್ಷ ದಾಟಿವೆ.

ಮಾಲಿಯ ಕೈಗೆ ಇಷ್ಟು ಸುಲಭವಾಗಿ ಬೆರೆಯುವ ಗಿಡಗಳು ಕಾಡಿನಲ್ಲಿ ಬೆರೆತು ಏಕಾಕಾರ ಆಗದಿರುವುದು ಹೇಗೆ? ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಅದರಲ್ಲಿ ಯುರೋಪಿನ ಎರಡು ಚಿಟ್ಟೆ ಆರ್ಕಿಡ್‌ಗಳ ಪ್ರಸಂಗ ಬರುತ್ತದೆ. ಎರಡೂ ಬಿಳಿ, ಎರಡಕ್ಕೂ ಉದ್ದನೆಯ ಮಕರಂದ ನಳಿಕೆ, ಎರಡಕ್ಕೂ ಇರುಳಿನ ಪತಂಗಗಳೇ ಅತಿಥಿಗಳು. ಎರಡೂ ಒಂದೇ ಎಂದವರೂ ಇದ್ದರು. ಡಾರ್ವಿನ್ ಹೂವಿನ ಬಾಯನ್ನು ಹತ್ತಿರದಿಂದ ನೋಡಿದ. ಆರ್ಕಿಡ್‌ನ ಪರಾಗ ಪುಡಿಯಾಗಿ ಉದುರುವುದಿಲ್ಲ. ಅದು ಗಂಟಾಗಿರುತ್ತದೆ, ಬುಡದಲ್ಲಿ ಅಂಟಿನ ಬಿಲ್ಲೆ. ದೊಡ್ಡ ಚಿಟ್ಟೆ ಆರ್ಕಿಡ್‌ನಲ್ಲಿ ಎರಡು ಬಿಲ್ಲೆಗಳ ನಡುವೆ ಅಗಲ ಜಾಸ್ತಿ. ಪತಂಗ ತಲೆ ತೂರಿಸಿದರೆ ಅವು ಕಣ್ಣಿಗೇ ಅಂಟುತ್ತವೆ. ಚಿಕ್ಕದರಲ್ಲಿ ಬಿಲ್ಲೆಗಳು ಪಕ್ಕಪಕ್ಕದಲ್ಲೇ ಇವೆ. ಅಂಟುವುದು ಹೀರುನಾಲಿಗೆಯ ಬುಡಕ್ಕೆ. ಕಣ್ಣಿನ ಮೇಲೆ ಹೊತ್ತು ತಂದ ಪರಾಗ ಇನ್ನೊಂದು ಪ್ರಭೇದದ ಹೂವಿನ ಶಲಾಕಾಗ್ರಕ್ಕೆ ತಗಲುವುದು ಕಷ್ಟ. ಕೆಲವೇ ಮಿಲಿಮೀಟರುಗಳ ಅಂತರ ಎರಡು ಪ್ರಭೇದಗಳ ನಡುವಿನ ಬೇಲಿಯಾಯಿತು. ಅಪರೂಪಕ್ಕೆ ಅದನ್ನೂ ದಾಟಿದ ಮಿಶ್ರ ಗಿಡ ಸಿಗುತ್ತದೆ ಎನ್ನುವುದು ಬೇರೆ ಮಾತು.

ಡೊಮಿನಿ ದಾಟಿಸಿದ್ದು ಇಂಥ ಬೇಲಿಯನ್ನೇ. ಅವನ ಕೈಗೆ ಪತಂಗದ ಕಣ್ಣೂ ಇಲ್ಲ, ನಾಲಿಗೆಯೂ ಇಲ್ಲ. ಯಾವ ಹೂವಿಗೆ ಬೇಕಾದರೂ ಅದು ಪರಾಗ ಮುಟ್ಟಿಸೀತು.

ಹಾಗೆಂದು ಎಲ್ಲ ಆರ್ಕಿಡ್‌ಗಳ ಬೇಲಿಯೂ ಹೊರಗಿದೆ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1927ರಲ್ಲಿ ಎಡಿತ್ ಕೋಲ್ಮನ್ ಎಂಬ ಪ್ರಕೃತಿ ಲೇಖಕಿಗೆ ಮಗಳು ಒಂದು ವಿಚಿತ್ರ ತೋರಿಸಿದಳು: ಕ್ರಿಪ್ಟೋಸ್ಟೈಲಿಸ್ ಆರ್ಕಿಡ್‌ನೊಳಕ್ಕೆ ಕಣಜವೊಂದು ಹಿಮ್ಮುಖವಾಗಿ ನುಗ್ಗುತ್ತಿತ್ತು. ಬಂದವೆಲ್ಲ ಗಂಡು. ಹೂವಿನಲ್ಲಿ ಮಕರಂದವಿಲ್ಲ, ಹೆಣ್ಣು ಕಣಜವೆಂದೇ ನಂಬಿ ಅವು ಕೂಡಲು ಬರುತ್ತಿದ್ದವು. ಗಂಡುಗಳನ್ನು ಕರೆಯುತ್ತಿದ್ದುದು ಹೂವಿನ ವಾಸನೆ. ಆಸ್ಟ್ರೇಲಿಯಾದ ಐದು ಕ್ರಿಪ್ಟೋಸ್ಟೈಲಿಸ್ ಪ್ರಭೇದಗಳೂ ಈ ಒಂದೇ ಜಾತಿಯ ಕಣಜಕ್ಕೆ ಮೋಸ ಮಾಡುತ್ತವೆ. ಕೆಲವು ಅಕ್ಕಪಕ್ಕ ಬೆಳೆದು, ಅದೇ ಕಣಜದ ಬೆನ್ನೇರಿ ಪರಾಗ ಓಡಾಡಿದರೂ ಅಲ್ಲಿ ಮಿಶ್ರತಳಿಗಳು ಕಾಣಸಿಗುವುದಿಲ್ಲ. ಅವುಗಳನ್ನು ಬೇರೆಯಾಗಿ ಇಟ್ಟಿರುವ ತಡೆ ಪರಾಗ ತಲುಪಿದ ಮೇಲೆ, ಗಿಡದ ಒಳಗೇ ಕೆಲಸ ಮಾಡುತ್ತದೆ.