ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್: ದುಡ್ಡು ಕೊಡೋ ಮುನ್ನ ಈ ಲೆಕ್ಕ ನೋಡಿ

ಕೋಲಾರ: ಗೀಸರ್ ಕಾಯಿಲ್ ಮೇಲೆ ಬಿಳಿ ಪದರ, ನೊರೆ ಬಾರದ ಸೋಪು, ಕಟ್ಟಿಕೊಂಡ ಶವರ್. ಜಿಲ್ಲೆಯ ಬೋರ್‌ವೆಲ್ ಮನೆಗಳಲ್ಲಿ ಇದು ಮಾಮೂಲು. ಕಾರಣ ನೀರಿನ ಗಡಸುತನ, ಅಂದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ.

ಮೊದಲು ಪರೀಕ್ಷೆ: ಟಿಡಿಎಸ್ ಮೀಟರ್ ಗಡಸುತನ ತೋರಿಸಲ್ಲ. ಪ್ರಯೋಗಾಲಯದಲ್ಲಿ 'ಒಟ್ಟು ಗಡಸುತನ' ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಬಿಐಎಸ್ ಮಿತಿ ಲೀಟರ್‌ಗೆ 200 ಮಿ.ಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ.

ಎಷ್ಟು ದೊಡ್ಡದು ಬೇಕು?: ನಾಲ್ವರ ಮನೆಗೆ ತಲಾ 135 ಲೀಟರ್‌ನಂತೆ ದಿನಕ್ಕೆ 540 ಲೀಟರ್ ನೀರು. ಗಡಸುತನ 600 ಇದ್ದರೆ ದಿನಕ್ಕೆ 324 ಗ್ರಾಂ ತೆಗೆಯಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತೆ. 25 ಲೀಟರ್ ರೆಸಿನ್ ಇದ್ದರೆ ಮೂರು ದಿನಕ್ಕೊಮ್ಮೆ ಉಪ್ಪುನೀರಿನಲ್ಲಿ ತೊಳೆದರೆ ಸಾಕು. ಪ್ರತಿ ಸಲ ಸುಮಾರು 3 ಕೆ.ಜಿ. ಉಪ್ಪು, ತಿಂಗಳಿಗೆ 30 ಕೆ.ಜಿ. ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಹಣ ಪಾವತಿ: ರೆಸಿನ್ ಎಷ್ಟು ಲೀಟರ್ ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಅಳವಡಿಸಿದ ಮೇಲೆ ಗಡಸುತನ ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ಬಾಕಿ ಕೊಡಿ.

ಗಮನಿಸಿ: ಸಾಫ್ಟ್‌ನರ್ ಫ್ಲೋರೈಡ್ ತೆಗೆಯಲ್ಲ. ನಮ್ಮ ಜಿಲ್ಲೆಯಲ್ಲಿ ಅದೇ ದೊಡ್ಡ ತೊಂದರೆ. ಜೊತೆಗೆ ಮೆದುವಾದ ನೀರಿನಲ್ಲಿ ಸೋಡಿಯಂ ಹೆಚ್ಚಿರುತ್ತೆ. ಆದ್ದರಿಂದ ಇದು ಸ್ನಾನ, ಬಟ್ಟೆಗೆ ಮಾತ್ರ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದ್ದೋ ಆರ್‌ಒ ನೀರೋ ಇರಲಿ. ರೆಸಿನ್ ತೊಳೆದ ಉಪ್ಪುನೀರನ್ನು ಗಿಡಕ್ಕಾಗಲಿ ಇಂಗುಗುಂಡಿಗಾಗಲಿ ಬಿಡಬೇಡಿ.