ಅಟ್ಟದ ಮೇಲಿದ್ದ ಗಾಳದ ಕೋಲು

ಯಲಹಂಕದ ಮನೆ ಅಟ್ಟ ಗುಡಿಸುವಾಗ ಮಾವನವರ ಗಾಳದ ಕೋಲು ಸಿಕ್ತು. ಹಿಡಿಯ ಬಿರಟೆಯೆಲ್ಲಾ ಪುಡಿಪುಡಿ. ಗುಜರಿಗೆ ಹಾಕೋಣ ಅಂದೆ, ಅತ್ತೆ ಬಿಡಲಿಲ್ಲ.

ಆ ಹಿಡಿಗೂ ಒಂದು ಕಥೆ ಇದೆ ಕಣ್ರೇ. ನಮ್ಮ ಕೆರೆಗಳಲ್ಲಿ ಬಿದಿರು ಕಡ್ಡಿನೇ ಕೋಲು, ಕೈ ಹಿಡಿದ ಕಡೆನೇ ಹಿಡಿ. 19ನೇ ಶತಮಾನದಲ್ಲಿ 'ಕಲ್ಕತ್ತಾ ಬಿದಿರು' ಅಂತ ನಮ್ಮ ದೇಶದ ಬಿದಿರೇ ಹಡಗು ಹತ್ತಿ ಹೋಗಿ, ಸೀಳಿ ಅಂಟಿಸಿದ ಕೋಲಾಯ್ತು. ಅಂಥ ಕೋಲುಗಳ ಹಿಡಿಗೆ ಬಿರಟೆ ಬಂತು. ಪೋರ್ಚುಗಲ್‌ನಲ್ಲಿ ಮರ ಕಡಿಯದೆ, 9 ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲೀತಾರೆ. ನಮ್ಮ ಆಕಾಶಮಲ್ಲಿಗೆಗೂ ಬಿರಟೆಮರ ಅಂತಾರಲ್ಲ, ಅದರದ್ದು ಕಳಪೆ ಬದಲಿ ಅಷ್ಟೆ.

ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಗಾಳದ ಬಗ್ಗೆ ಪುಸ್ತಕವನ್ನೇ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು, ಹೆಚ್ಚುಕಮ್ಮಿ 54 ಕೆ.ಜಿ.! ಅಂಥದ್ದು ಎಳೆಯುವಾಗ ಒದ್ದೆ ಕೈ ಜಾರಬಾರದಲ್ಲ, ಬಿರಟೆ ಅದಕ್ಕೇ.

ಮಗ ಅರ್ಧ ಇಂಚಿನ ಬಿಲ್ಲೆಗಳನ್ನ ತಂದ. ಮೊದಲ ಸಲ ಅವಸರಕ್ಕೆ ತೂತು ದೊಡ್ಡದಾಗಿ ಹಿಡಿ ಲೊಡಲೊಡ. ಆಮೇಲೆ ದುಂಡು ಅರದಿಂದ ಚೂರುಚೂರೇ ಉಜ್ಜಿ, ಎಪಾಕ್ಸಿ ಹಚ್ಚಿ, ಬಿಗಿಯಾಗಿ ಕಟ್ಟಿ ರಾತ್ರಿಯೆಲ್ಲಾ ಬಿಟ್ವಿ. ಬೆಳಗ್ಗೆ ಉಪ್ಪುಕಾಗದ, ಮೊದಲು ಒರಟು, ಆಮೇಲೆ ನಯ. ಈಗ ಫೋಮ್ ಹಿಡಿನೂ ಬರುತ್ತೆ, ಚಪ್ಪಲಿ ಅಟ್ಟೆಯ ಜಾತಿದು. ಅತ್ತೆಗೆ ಅದು ಬೇಡ.

ಹೊಸ ಹಿಡಿ ಸವರಿ, "ಅವರ ಹೆಬ್ಬೆಟ್ಟಿನ ಗುಳಿ ಇಲ್ವಲ್ಲ" ಅಂದ್ರು. ಆ ಹಳೇ ಚೂರು ಎತ್ತಿಟ್ಟಿದ್ದೆ, ಕೊಟ್ಟೆ. ಸೆರಗಿಗೆ ಕಟ್ಕೊಂಡ್ರು.