ಟ್ರಂಕಿನೊಳಗಿನ ನೀಲಿ ಬ್ಯಾಡ್ಜು ಯಾವ ದೇಶದ್ದು, ಯಾವ ವರ್ಷದ್ದು?

ಹೋದ ಮಳೆಗಾಲದಲ್ಲಿ ಹಳಿಯಾಳ ತಾಲ್ಲೂಕಿನ ಒಂದು ಹಳ್ಳಿಯಿಂದ ನನ್ನ ವಾಟ್ಸಾಪ್‌ಗೆ ಫೋಟೊ ಬಂತು. ಅಂಗೈ ಅಗಲದ ತಿಳಿನೀಲಿ ಬಟ್ಟೆ, ಅದರ ಮೇಲೆ ಬಿಳಿ ದಾರದ ಕಸೂತಿ. ಹಿಂದೆಯೇ ಒಂದು ವಾಯ್ಸ್ ಮೆಸೇಜು: 'ತಮ್ಮಾ, ಇದು ಏನಂತ ಸ್ವಲ್ಪ ನೋಡಿ ಹೇಳೋ. ಮೊಮ್ಮಗ ಸಾಲಿ ಸ್ಕೌಟಿಂದು ಅಂತಾನ.'

ಆಯಿಯ ಗಂಡ ಬಿಎಸ್ಎಫ್‌ನಲ್ಲಿದ್ದವರು, ಈಗಿಲ್ಲ. ಆಫ್ರಿಕಾಕ್ಕೆ ಹೋಗಿ ಬಂದಿದ್ದರು ಎಂಬುದಷ್ಟೇ ಮನೆಯವರಿಗೆ ಗೊತ್ತು. ಯಾವ ದೇಶ, ಯಾವ ವರ್ಷ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸಮವಸ್ತ್ರದ ಅಂಗಿಯನ್ನು ಹಳೇ ಬಟ್ಟೆ ಜೊತೆ ಗುಜರಿಯವನಿಗೆ ಹಾಕಿದ್ದರು. ಅಂಗಿ ಕೊಡುವ ಮುಂಚೆ ಆಯಿ ತೋಳಿನ ಬ್ಯಾಡ್ಜ್ ಬಿಚ್ಚಿಟ್ಟುಕೊಂಡಿದ್ದರು, ಹಾಗಾಗಿ ಅದೊಂದು ಉಳಿದಿತ್ತು.

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆ ಸೈನ್ಯಕ್ಕೋ ಅರೆಸೇನಾಪಡೆಗೋ ಹೋಗಿಬಂದವರ ಮನೆ ಬಹಳ. ಇಂಥ ಟ್ರಂಕು ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಚಿಹ್ನೆ ನೋಡಿ. ನಡುವೆ ಭೂಪಟ, ಎರಡೂ ಕಡೆ ಆಲಿವ್ ಎಲೆಯ ಕೊಂಬೆ ಇದ್ದರೆ ಅದು ವಿಶ್ವಸಂಸ್ಥೆಯದು. ಉತ್ತರ ಧ್ರುವದ ಮೇಲೆ ನಿಂತು ಕೆಳಗೆ ನೋಡಿದರೆ ಭೂಮಿ ಹೇಗೆ ಕಾಣುತ್ತದೋ ಆ ಪಟ ಅದು. 1946ರ ಡಿಸೆಂಬರ್‌ನಲ್ಲಿ ಈ ಚಿಹ್ನೆಗೆ ಒಪ್ಪಿಗೆ ಸಿಕ್ಕಿತು. ತಲೆಯ ಮೇಲೆ ನೀಲಿ ಬಂದದ್ದು ಹತ್ತು ವರ್ಷದ ನಂತರ, 1956ರ ಸೂಯೆಜ್ ಗಲಾಟೆಯಲ್ಲಿ. ಈಜಿಪ್ಟಿಗೆ ಹೋಗುವ ಶಾಂತಿಪಡೆಗೆ ನೀಲಿ ಟೋಪಿ ಹೊಲಿಸಲು ವಾರಗಟ್ಟಲೆ ಬೇಕಿತ್ತು, ಅಷ್ಟು ಪುರುಸೊತ್ತು ಇರಲಿಲ್ಲ. ಅಮೆರಿಕದ ಸೈನಿಕರ ಹೆಲ್ಮೆಟ್ಟಿನ ಒಳಚಿಪ್ಪುಗಳಿಗೇ ನೀಲಿ ಬಣ್ಣ ಹೊಡೆದು ಕೊಟ್ಟರು.

ವಿಶ್ವಸಂಸ್ಥೆಗೆ ತನ್ನದೇ ಪೊಲೀಸ್ ಸಮವಸ್ತ್ರ ಇಲ್ಲ. ಹೋದವರು ತಮ್ಮ ದೇಶದ ಖಾಕಿಯನ್ನೇ ತೊಡುತ್ತಾರೆ. ತಲೆಗೆ ನೀಲಿ ಟೋಪಿ, ಒಂದು ತೋಳಿಗೆ ವಿಶ್ವಸಂಸ್ಥೆಯ ಬ್ಯಾಡ್ಜು, ಇನ್ನೊಂದಕ್ಕೆ ದೇಶದ ಬಾವುಟ. ಆದ್ದರಿಂದ ಒಂದೇ ಬ್ಯಾಡ್ಜ್ ಸಿಕ್ಕರೆ ಅರ್ಧ ಕಥೆ ಮಾತ್ರ ಸಿಕ್ಕಂತೆ. ಅದರ ಜೋಡಿ ಟ್ರಂಕಿನ ತಳದಲ್ಲಿ ಇದೆಯೇ ಎಂದು ಮೊದಲು ಹುಡುಕಿ.

ಮಿಷನ್‌ಗಳಿಗೆ ಪೊಲೀಸರನ್ನು ಕಳಿಸುವ ರೂಢಿ ಎಲ್ಲಿಂದ ಬಂತು ಎಂದು ಹುಡುಕಿದರೆ ನಮ್ಮ ಕೊಡಗಿನವರೊಬ್ಬರು ಸಿಗುತ್ತಾರೆ. 1960ರಲ್ಲಿ ಕಾಂಗೋಕ್ಕೆ ಘಾನಾ, ನೈಜೀರಿಯಾದ ಪೊಲೀಸರು ಹೋಗಿದ್ದರು. ಆದರೆ 'ಸಿವಿಲಿಯನ್ ಪೊಲೀಸ್' ಎಂಬ ಹೆಸರಿನಲ್ಲಿ ಪಡೆಯ ಒಂದು ಕಾಯಂ ಭಾಗವಾಗಿ ಅವರು ಕೆಲಸ ಶುರುಮಾಡಿದ್ದು 1964ರಲ್ಲಿ, ಸೈಪ್ರಸ್ ದ್ವೀಪದಲ್ಲಿ. ಗ್ರೀಕರು, ತುರ್ಕಿಯವರು ಒಂದೇ ಊರಲ್ಲಿದ್ದು ಹೊಡೆದಾಡಿಕೊಂಡ ಕಾಲ ಅದು. ಒಂದು ಕಡೆಯ ಪೊಲೀಸರು ಇನ್ನೊಂದು ಕೇರಿಗೆ ಕಾಲಿಡುವಂತಿರಲಿಲ್ಲ. ನಡುವೆ ನಿಲ್ಲಲು ಬಂದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಡೆನ್ಮಾರ್ಕ್, ಸ್ವೀಡನ್, ಆಸ್ಟ್ರಿಯಾದ ಪೊಲೀಸರು. ಆ ಪಡೆಯ ಮೊದಲ ದಂಡನಾಯಕ ಭಾರತದ ಜನರಲ್ ಗ್ಯಾನಿ. ಅದೇ ವರ್ಷ ಅವರ ಜಾಗಕ್ಕೆ ಬಂದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಅಲ್ಲಿ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಈಗ ಮ್ಯೂಸಿಯಂ ಆಗಿದೆ. ಆ ಕಡೆ ಹೋದವರು ನೋಡಿಬನ್ನಿ.

ತಿಮ್ಮಯ್ಯನವರ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ವಿಲೇವಾರಿಗೆ ಒಂದು ಆಯೋಗ ಆಯಿತು, ಅದಕ್ಕೂ ಅವರೇ ಅಧ್ಯಕ್ಷರು. ಕೈದಿಗಳನ್ನು ಕಾಯಲು ಭಾರತದ ಸೈನಿಕರು ಹೋದರು. ನಮ್ಮವರು ತಮ್ಮ ನೆಲ ತುಳಿಯಬಾರದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷರು ಹಟ ಹಿಡಿದರು. ಕೊನೆಗೆ ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಗಡಿಪಟ್ಟಿಯಲ್ಲಿ ಇಳಿಸಬೇಕಾಯಿತು. ಆ ಪಡೆ ವಿಶ್ವಸಂಸ್ಥೆಯ ಶಾಂತಿಪಡೆ ಆಗಿರಲಿಲ್ಲ. 'ಅಜ್ಜ ಕೊರಿಯಾಕ್ಕೆ ಹೋಗಿದ್ದ, ನೀಲಿ ಬ್ಯಾಡ್ಜ್ ಎಲ್ಲಿ' ಎಂದು ಹುಡುಕುವವರು ಇದನ್ನು ನೆನಪಿಡಿ. ಅದು ಇಲ್ಲವೆಂದು ಅಜ್ಜನ ಮಾತನ್ನು ಸುಳ್ಳು ಅನ್ನಬೇಡಿ.

ಇನ್ನು ಅಕ್ಷರಗಳಿಗೆ ಬರೋಣ, ಎಲ್ಲದಕ್ಕಿಂತ ಹೆಚ್ಚು ಹೇಳುವುದು ಅವೇ. ಬ್ಯಾಡ್ಜಿನ ಮೇಲೋ ಅದರ ಕೆಳಗಿನ ಪಟ್ಟಿಯಲ್ಲೋ ಮಿಷನ್ನಿನ ಸಂಕ್ಷಿಪ್ತ ಹೆಸರು ಇರುವುದುಂಟು. 'ಅಂಟಾಗ್' ಇದ್ದರೆ ನಮೀಬಿಯಾ, 1989-90. 'ಅಂಟಾಕ್' ಇದ್ದರೆ ಕಾಂಬೋಡಿಯಾ, 1992-93. 'ಐಪಿಟಿಎಫ್' ಬೋಸ್ನಿಯಾದ್ದು, 2002ಕ್ಕೆ ಮುಗಿಯಿತು. 'ಅನ್ಮಿಕ್' ಅಂದರೆ ಕೊಸೊವೊ, 1999ರಿಂದ ಈಚೆಗೆ. 'ಅನ್ಮಿಲ್' ಲೈಬೀರಿಯಾ, 2003ರಿಂದ 2018. ಒಂದೇ ಅಕ್ಷರ ಆಟ ಆಡಿಸುವುದೂ ಇದೆ. ಸುಡಾನಿನ ಮಿಷನ್ನಿನ ಹೆಸರಿನ ಕೊನೆಗೆ ಒಂದು 'ಎಸ್' ಇತ್ತು. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಗಿ, ಅಲ್ಲಿಗೆ ಹೊಸ ಮಿಷನ್ ಬಂದಾಗ ಎರಡು 'ಎಸ್' ಆದವು. 'ಸಿವ್‌ಪೋಲ್' ಎಂಬ ಪದ ಕಂಡರೆ ಹಳೆಯದು ಎನ್ನಬಹುದು. 2005ರ ಆಸುಪಾಸಿನಿಂದ 'ಯುಎನ್ ಪೊಲೀಸ್' ಎಂಬ ಹೆಸರೇ ಚಾಲ್ತಿಗೆ ಬಂತು.

ಆಯಿಯ ಫೋಟೊ ದೊಡ್ಡದು ಮಾಡಿ ನೋಡಿದೆ. ಚಿಹ್ನೆಯ ಕೆಳಗೆ ಇಂಗ್ಲಿಷಿನಲ್ಲಿ ಎಂ, ಒ, ಎನ್, ಯು, ಸಿ. ಮೋನುಕ್! ಕಾಂಗೋ ಮಿಷನ್ನಿನ ಫ್ರೆಂಚ್ ಹೆಸರಿನ ಸಂಕ್ಷೇಪ ಅದು. ಬಿಎಸ್ಎಫ್, ಐಟಿಬಿಪಿಯ ತುಕಡಿಗಳು ಅಲ್ಲಿ ಕೆಲಸ ಮಾಡಿವೆ. 2010ರ ಜುಲೈ 1ರಿಂದ ಆ ಮಿಷನ್ನಿನ ಹೆಸರು 'ಮೋನುಸ್ಕೋ' ಎಂದು ಬದಲಾಯಿತು. ಅಂದರೆ ಈ ಬ್ಯಾಡ್ಜ್ ಅದಕ್ಕೂ ಮುಂಚಿನದು. ಮನೆಯಲ್ಲಿ ಹಿರಿಮಗ 2012 ಅನ್ನುತ್ತಿದ್ದ. ಆಯಿ ಮಾತ್ರ 'ನಮ್ಮ ಮೊಮ್ಮಗಳು ಹುಟ್ಟಿದಾಗ ಅವರು ಅಲ್ಲೇ ಇದ್ರು' ಎಂದರು. ಹುಡುಗಿಯ ಜನನ ಪ್ರಮಾಣಪತ್ರ ತೆಗೆಸಿದೆವು: 2008. ಆಯಿಯ ಲೆಕ್ಕವೇ ಸರಿ.

ಮೊಮ್ಮಗಳು ಇನ್ನೊಂದು ಕೇಳಿದಳು: ಹೆಣ್ಣುಮಕ್ಕಳನ್ನೂ ಕಳಿಸ್ತಾರಾ? ಕಳಿಸಿದ್ದಾರೆ. 2007ರ ಜನವರಿಯಲ್ಲಿ ನಮ್ಮ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಮಹಿಳೆಯರು ಲೈಬೀರಿಯಾದ ಮನ್ರೋವಿಯಾದಲ್ಲಿ ಇಳಿದರು. ವಿಶ್ವಸಂಸ್ಥೆಯಲ್ಲಿ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿ ಅದು. ರಾತ್ರಿ ಗಸ್ತು ಮಾಡಿದರು, ಅಧ್ಯಕ್ಷೆಯ ಕಚೇರಿ ಕಾದರು. ತಂಡಗಳು ಬದಲಾಗುತ್ತ 2016ರವರೆಗೆ ಇದ್ದರು. ಅಷ್ಟರಲ್ಲಿ ಲೈಬೀರಿಯಾದ ಭದ್ರತಾ ಪಡೆಗಳಲ್ಲಿ ಮಹಿಳೆಯರ ಪಾಲು ಶೇ. 6ರಿಂದ 17ಕ್ಕೆ ಏರಿತ್ತು ಎಂದು ವಿಶ್ವಸಂಸ್ಥೆಯೇ ಹೇಳಿದೆ. ಆಫ್ರಿಕಾ ಅಂದರೆ ನಮಗೆ ತೀರ ಪರಸ್ಥಳವೂ ಅಲ್ಲ. ನಮ್ಮ ಕಾಡಂಚಿನ ಸಿದ್ದಿ ಜನರ ಹಿರಿಯರು ಅಲ್ಲಿಂದ ಬಂದವರು, ಎಷ್ಟೋ ಮಂದಿ ಪೋರ್ಚುಗೀಸರ ಗುಲಾಮರಾಗಿ ಗೋವಾಕ್ಕೆ. ನೀಲಿ ಟೋಪಿಯವರು ಹೋದದ್ದು ಉಲ್ಟಾ ದಾರಿಯಲ್ಲಿ.

ಅಸಲಿ, ನಕಲಿ ಗುರುತಿಸುವುದು ಕಷ್ಟದ ಕೆಲಸ. ಇಂಥ ಬ್ಯಾಡ್ಜು ಆನ್‌ಲೈನಿನಲ್ಲಿ ಮಾರಾಟಕ್ಕಿವೆ, ಬೇಕೆಂದಷ್ಟು ಹೊಸದಾಗಿ ಹೊಲಿದುಕೊಡುವವರೂ ಇದ್ದಾರೆ. ಮಿಷನ್ ನಡೆದ ಊರಿನ ದರ್ಜಿಗಳೇ ಹೊಲಿದುಕೊಟ್ಟದ್ದೂ ಬಹಳ, ಆದ್ದರಿಂದ ಅಕ್ಷರ ಸೊಟ್ಟಗಿದೆ ಎಂದಾಕ್ಷಣ ನಕಲಿ ಅನ್ನುವಂತಿಲ್ಲ. ಹಿಂಭಾಗ ತಿರುಗಿಸಿ ನೋಡಿ. ಬಿಚ್ಚಿದ ಹೊಲಿಗೆಯ ತೂತು, ಬೆವರು-ಬಿಸಿಲಿಗೆ ಮಾಸಿದ ಬಣ್ಣ, ಅಂಚಿಗೆ ಅಂಟಿಕೊಂಡ ಖಾಕಿ ದಾರ, ಇವು ತೊಟ್ಟದ್ದರ ಗುರುತು. 1960ರ ದಶಕದ್ದು ಅಂತ ಮಾರುವ ಬ್ಯಾಡ್ಜಿನ ಹಿಂದೆ ಚರ್ ಅಂತ ಅಂಟುವ ವೆಲ್ಕ್ರೋ ಇದ್ದರೆ ಅನುಮಾನ ಪಡಿ. ನೋಟು ಪರೀಕ್ಷಿಸುವ ನೇರಳೆ ಲೈಟಿನ ಕೆಳಗೆ ದಾರ ಫಳಫಳ ಹೊಳೆದರೆ ಅದು ಈಚಿನ ದಾರ ಇರಬಹುದು.

ಬ್ಯಾಡ್ಜಿಗಿಂತ ಗಟ್ಟಿ ಸಾಕ್ಷಿ ಪದಕ. ಸಾಮಾನ್ಯವಾಗಿ 90 ದಿನ ಮಿಷನ್‌ನಲ್ಲಿ ಇದ್ದವರಿಗೆ ವಿಶ್ವಸಂಸ್ಥೆಯ ಪದಕ ಸಿಗುತ್ತದೆ, ಮಿಷನ್ನಿಗೊಂದು ಬಣ್ಣದ ರಿಬ್ಬನ್. ಆದರೆ ಅದರ ಮೇಲೆ ಹೆಸರು ಕೊರೆದಿರುವುದಿಲ್ಲ. ನಮ್ಮ ಸೈನ್ಯದ ಪದಕಗಳ ಅಂಚಿನಲ್ಲಿ ನಂಬರು, ಹೆಸರು ಇರುತ್ತವೆ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ದಯವಿಟ್ಟು ಬೇರೆ ಮಾಡಬೇಡಿ. ಪಾಲಿಷ್ ಹಾಕಿ ಉಜ್ಜಲೂ ಹೋಗಬೇಡಿ, ಅಂಚಿನ ಅಕ್ಷರ ಸವೆಯುತ್ತದೆ.

ಚಿಹ್ನೆ ಚಂದ ಇದೆ ಅಂತ ಅಂಗಡಿ ಬೋರ್ಡಿಗೋ ದಾಂಡೇಲಿಯ ಸಫಾರಿ ಜೀಪಿಗೋ ಬರೆಸಬೇಡಿ. ವ್ಯಾಪಾರಕ್ಕೆ ಬಳಸಬಾರದ ಚಿಹ್ನೆಗಳ ಬಗ್ಗೆ 1950ರ ಕೇಂದ್ರ ಕಾಯ್ದೆಯೊಂದಿದೆ. ಅದರ ಪಟ್ಟಿಯಲ್ಲಿ ಮೊದಲನೆಯದೇ ವಿಶ್ವಸಂಸ್ಥೆಯ ಹೆಸರು ಮತ್ತು ಚಿಹ್ನೆ.

ಆಯಿಯ ಮನೆಗೆ ಹೋದಾಗ ಒಂದು ಲಕೋಟೆಯ ಮೇಲೆ ಅವರ ಗಂಡನ ಹೆಸರು, ಪಡೆ, 'ಕಾಂಗೋ, 2008' ಎಂದು ಬರೆದು ಬ್ಯಾಡ್ಜನ್ನು ಒಳಗಿಟ್ಟೆವು. ಪೆನ್ಸಿಲ್ಲಿನಲ್ಲಿ ಬರೆದೆವು, ಇಂಕು ಬಟ್ಟೆಗೆ ಹತ್ತುತ್ತದೆ. ಆಯಿ ಮೊಮ್ಮಗನಿಗೆ ಲಕೋಟೆ ತೋರಿಸಿ, 'ಸಾಲಿದ್ದಲ್ಲ, ನಿಮ್ಮ ಅಜ್ಜಂದು' ಎಂದು ಹೇಳಿ ಅದನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದರು.